ಗಸಗಸೆಯ ಬೀಗ: ಮಿದುಳಿನಲ್ಲಿ ಅಫೀಮಿನ ಜಾಗ ಹುಡುಕಿದ ಕತೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಮೆಟ್ರೋದಲ್ಲಿ ನಿಂತುಕೊಂಡು ಓದ್ತೀವಿ ಅನ್ನೋರಿಗೆ ಇದು ಆ ಮಾತಿನ ಬರಹ ರೂಪ. ಮಾತಿನಲ್ಲಿ ಬಿಟ್ಟುಹೋದ ಕೆಲವು ವಿಷಯಗಳನ್ನು ಇಲ್ಲಿ ಸೇರಿಸಿದ್ದೀನಿ.

ಹಬ್ಬದ ದಿನ ಎರಡು ಲೋಟ ಗಸಗಸೆ ಪಾಯಸ ಕುಡಿದು ಮಧ್ಯಾಹ್ನ ಹಾಸಿಗೆಗೆ ಬಿದ್ದವರು ನಮ್ಮಲ್ಲಿ ಎಷ್ಟು ಜನ ಇದ್ದೀವೋ! ಅದೇ ಗಸಗಸೆಯ ಪೊಟ್ಟಣವನ್ನು ಅಮ್ಮ ಪ್ರೀತಿಯಿಂದ ಸೂಟ್‌ಕೇಸಿನ ಮೂಲೆಗೆ ತುರುಕಿ, ನೀವು ಆನ್‌ಸೈಟ್ ಅಂತ ದುಬೈ ವಿಮಾನ ಹತ್ತಿದರೆ ಮಾತ್ರ ಕತೆ ಬೇರೆ. ಯುಎಇ, ಸೌದಿ ಅರೇಬಿಯಾಗಳಲ್ಲಿ ಗಸಗಸೆ ನಿಷೇಧಿತ ವಸ್ತು. ಕಾರಣ ಇಷ್ಟೇ: ಗಸಗಸೆ ಮತ್ತು ಅಫೀಮು ಎರಡೂ ಒಂದೇ ಗಿಡದ್ದು. ಕಾಯಿ ಹಸಿಯಾಗಿದ್ದಾಗ ಸಿಪ್ಪೆಯನ್ನು ಗೀರಿದರೆ ಹಾಲಿನಂಥ ಸೊನೆ ಒಸರುತ್ತೆ, ಅದು ಒಣಗಿದರೆ ಅಫೀಮು. ಅದೇ ಕಾಯಿ ಬಲಿತು ಒಣಗಿದ ಮೇಲೆ ಒಡೆದರೆ ಒಳಗೆ ಸಿಗೋದು ಗಸಗಸೆ. ಬೀಜದಲ್ಲಿ ಅಮಲಿನ ಅಂಶ ಲೆಕ್ಕಕ್ಕೆ ಬಾರದಷ್ಟು ಕಡಿಮೆ, ಸೊನೆಯಲ್ಲಿ ಬೇಕಾದಷ್ಟು. ನಮ್ಮ ದೇಶದಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ರೈತರು ಸರ್ಕಾರದ ಲೈಸೆನ್ಸ್ ಪಡೆದು ಈ ಗಿಡ ಬೆಳೀತಾರೆ, ಸೊನೆಯನ್ನು ಸರ್ಕಾರಕ್ಕೇ ಕೊಡ್ತಾರೆ.

ಈಗ ಪ್ರಶ್ನೆ. ಎಲ್ಲೋ ಹೊಲದಲ್ಲಿ ನಿಂತಿರೋ ಒಂದು ಗಿಡದ ಸೊನೆಗೂ ನಮ್ಮ ತಲೆಯೊಳಗಿನ ಮಿದುಳಿಗೂ ಏನು ಸಂಬಂಧ? ಅದು ಯಾಕೆ ನೋವನ್ನು ಅಳಿಸುತ್ತೆ, ಯಾಕೆ ಮನುಷ್ಯನನ್ನು ಹಿಡಿದು ಬಿಡೋದಿಲ್ಲ? ಇದಕ್ಕೆ ಉತ್ತರದ ಮೊದಲ ಅರ್ಧ 1973ರಲ್ಲಿ ಒಂದು ಲ್ಯಾಬಿನಲ್ಲಿ ಸಿಕ್ಕಿತು. ಇನ್ನರ್ಧ ಅದೇ ವರ್ಷಗಳಲ್ಲಿ, ಲ್ಯಾಬಿನಿಂದ ಬಲು ದೂರದಲ್ಲಿ, ಯುದ್ಧದಿಂದ ಮನೆಗೆ ಮರಳಿದ ಸೈನಿಕರನ್ನು ಮಾತನಾಡಿಸಿದಾಗ ಸಿಕ್ಕಿತು. ಜಗತ್ತು ಮೊದಲನೆಯದನ್ನು ಸಂಭ್ರಮಿಸಿತು, ಎರಡನೆಯದನ್ನು ನಂಬಲಿಲ್ಲ. ಇವತ್ತಿನ ಕತೆ ಆ ಎರಡು ಅರ್ಧಗಳದ್ದು. ನನಗೆ ಇದು ಯಾಕೆ ಮುಖ್ಯ ಅನ್ನೋದನ್ನು ಕೊನೆಗೆ ಹೇಳ್ತೀನಿ.

ಬೀಗ ಇರಲೇಬೇಕು ಅನ್ನೋ ಅನುಮಾನ

ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಜರ್ಮನಿಯ ಫ್ರೀಡ್ರಿಶ್ ಸೆರ್ಟ್ಯೂರ್ನರ್ ಎಂಬ ಯುವ ಔಷಧಿಕಾರ ಅಫೀಮಿನಿಂದ ಅದರ ಮುಖ್ಯ ಸತ್ವವನ್ನು ಬೇರ್ಪಡಿಸಿದ. ಗ್ರೀಕರ ಕನಸಿನ ದೇವರು ಮಾರ್ಫಿಯಸ್ ಹೆಸರಿನಿಂದ ಅದಕ್ಕೆ ಹೆಸರಾಯಿತು, ಅದೇ ಮಾರ್ಫೀನ್. 1874ರಲ್ಲಿ ಲಂಡನ್ನಿನಲ್ಲಿ ಆಲ್ಡರ್ ರೈಟ್ ಎಂಬ ರಸಾಯನಶಾಸ್ತ್ರಜ್ಞ ಮಾರ್ಫೀನಿಗೆ ಎರಡು ಪುಟ್ಟ ತುಣುಕು ಸೇರಿಸಿ ಇನ್ನೊಂದು ವಸ್ತು ಮಾಡಿದ. 1898ರಲ್ಲಿ ಜರ್ಮನಿಯ ಬೇಯರ್ ಕಂಪನಿ ಅದನ್ನು ಕೆಮ್ಮಿನ ಔಷಧವಾಗಿ ಮಾರುಕಟ್ಟೆಗೆ ಬಿಟ್ಟಿತು. ಬ್ರ್ಯಾಂಡ್ ಹೆಸರು ಹೆರಾಯಿನ್. ಹೌದು, ಕೆಮ್ಮಿಗೆ! ಮಾರ್ಫೀನಿನಷ್ಟು ಚಟ ಹಿಡಿಸುವುದಿಲ್ಲ ಎಂಬ ನಂಬಿಕೆ ಆಗ ಇತ್ತು. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ. "ನೋವು ಹೋಗುತ್ತೆ, ಚಟ ಹಿಡಿಸಲ್ಲ" ಎನ್ನುವ ಭರವಸೆ ಈ ಕತೆಯಲ್ಲಿ ಮತ್ತೆ ಮತ್ತೆ ಬರುತ್ತೆ.

ಇಪ್ಪತ್ತನೇ ಶತಮಾನದ ನಡುವಿನ ಹೊತ್ತಿಗೆ ವಿಜ್ಞಾನಿಗಳಿಗೆ ಒಂದು ಅನುಮಾನ ಬಲವಾಗಿತ್ತು: ಈ ವಸ್ತುಗಳು ಮಿದುಳಿನಲ್ಲಿ ಸುಮ್ಮನೆ ಹರಡಿಕೊಳ್ಳೋದಿಲ್ಲ, ನಿರ್ದಿಷ್ಟ ಜಾಗಕ್ಕೆ ಹೋಗಿ ಕೂರುತ್ತವೆ. ಬೀಗಕ್ಕೆ ಬೀಗದ ಕೈ ಕೂರುವ ಹಾಗೆ. ಅನುಮಾನಕ್ಕೆ ಮೂರು ಸಾಕ್ಷಿ ಇದ್ದವು.

ಒಂದು, ಎಡ-ಬಲದ ಲೆಕ್ಕ. ಲೆವಾರ್ಫನಾಲ್, ಡೆಕ್ಸ್‌ಟ್ರಾರ್ಫನ್ ಅಂತ ಎರಡು ವಸ್ತುಗಳಿವೆ. ಎರಡರಲ್ಲೂ ಇರುವ ಪರಮಾಣುಗಳು ಅವೇ, ಜೋಡಣೆಯೂ ಅದೇ. ಆದರೆ ಒಂದು ಇನ್ನೊಂದರ ಕನ್ನಡಿ ಬಿಂಬ, ಎಡಗಾಲಿನ ಚಪ್ಪಲಿ ಬಲಗಾಲಿನ ಚಪ್ಪಲಿ ಇದ್ದ ಹಾಗೆ. ಮೊದಲನೆಯದು ಮಾರ್ಫೀನಿನಂತೆ ನೋವು ಕೊಲ್ಲುತ್ತೆ, ಎರಡನೆಯದಕ್ಕೆ ಆ ಗುಣ ಇಲ್ಲ. ಬರೀ ರಸಾಯನವೇ ಕೆಲಸ ಮಾಡುವುದಾಗಿದ್ದರೆ ಎರಡೂ ಒಂದೇ ಥರ ಇರಬೇಕಿತ್ತು. ಹಾಗಿಲ್ಲ ಅಂದರೆ ಅಲ್ಲೊಂದು ಆಕಾರಕ್ಕೆ ತಕ್ಕ ಕಾಲು ಇದೆ ಅಂತ ಅರ್ಥ.

ಎರಡು, ಎಟಾರ್ಫೀನ್. ಆನೆಗೆ ಅರಿವಳಿಕೆ ಕೊಡಲು ಬಳಸುವ ಔಷಧ. ಆನೆಯಂಥ ಆನೆಯನ್ನು ಕೆಲವೇ ಮಿಲಿಗ್ರಾಂ ಕೆಡವುತ್ತೆ. ಇಷ್ಟು ಚೂರು ವಸ್ತು ಅಷ್ಟು ದೊಡ್ಡ ದೇಹದಲ್ಲಿ ಕೆಲಸ ಮಾಡಬೇಕಾದರೆ ಅದು ನೇರ ವಿಳಾಸ ಹಿಡಿದೇ ಹೋಗಬೇಕು.

ಮೂರು, ನಲಾಕ್ಸೋನ್. 1961ರಲ್ಲಿ ಅಮೆರಿಕದ ಜ್ಯಾಕ್ ಫಿಶ್‌ಮನ್ ಮತ್ತು ಮೋಸೆಸ್ ಲೆವೆನ್‌ಸ್ಟೈನ್ ಪೇಟೆಂಟಿಗೆ ಅರ್ಜಿ ಹಾಕಿದ ಔಷಧ. ಹೆರಾಯಿನ್ ಹೆಚ್ಚಾಗಿ ಉಸಿರು ನಿಲ್ಲುತ್ತಿರುವವನಿಗೆ ಇದನ್ನು ಚುಚ್ಚಿದರೆ ಒಂದೆರಡು ನಿಮಿಷದಲ್ಲಿ ಎದ್ದು ಕೂರುತ್ತಾನೆ. ನಲಾಕ್ಸೋನಿಗೆ ತನ್ನದೇ ಅಮಲಿಲ್ಲ. ಅದು ಬೀಗದ ತೂತಿಗೆ ಹೋಗುತ್ತೆ, ಆದರೆ ತಿರುಗಲ್ಲ. ಬೇರೆ ಕೈ ಒಳಗೆ ಬರೋದಕ್ಕೂ ಬಿಡಲ್ಲ.

ಸಾಕ್ಷಿಗಳೆಲ್ಲ ಇದ್ದವು, ಬೀಗವನ್ನು ಮಾತ್ರ ಯಾರೂ ಕಂಡಿರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ, ಲಾಗ್ ನೋಡಿದರೆ ಯಾವುದೋ ಫಂಕ್ಷನ್ ಕಾಲ್ ಆಗ್ತಿದೆ ಅಂತ ಗೊತ್ತಾಗ್ತಿದೆ, ಕೋಡ್ ಎಲ್ಲಿದೆ ಅಂತ ಸಿಗ್ತಿಲ್ಲ.

1971: ಒಂದು ಸರ್ಕಾರದ ಹೆದರಿಕೆ

ಇಷ್ಟರಲ್ಲಿ ರಾಜಕೀಯ ಒಳಗೆ ಬಂತು. 1971ರ ಮೇ ತಿಂಗಳಲ್ಲಿ ಅಮೆರಿಕದ ಇಬ್ಬರು ಸಂಸದರು, ರಾಬರ್ಟ್ ಸ್ಟೀಲ್ ಮತ್ತು ಮಾರ್ಗನ್ ಮರ್ಫಿ, ವಿಯೆಟ್ನಾಂ ಸುತ್ತಿ ಬಂದು ಒಂದು ವರದಿ ಕೊಟ್ಟರು: ಅಲ್ಲಿರುವ ಅಮೆರಿಕದ ಸೈನಿಕರಲ್ಲಿ ನೂರಕ್ಕೆ ಹತ್ತು ಹದಿನೈದು ಮಂದಿ ಹೆರಾಯಿನ್ ಚಟಕ್ಕೆ ಬಿದ್ದಿದ್ದಾರೆ. ದೇಶ ಬೆಚ್ಚಿಬಿತ್ತು. ಈ ಹುಡುಗರೆಲ್ಲ ವಾಪಸ್ ಬಂದು ಊರೂರಿನ ಬೀದಿ ಸೇರಿದರೆ ಗತಿ ಏನು? ಜೂನ್ 17ರಂದು ಅಧ್ಯಕ್ಷ ನಿಕ್ಸನ್ ಮಾದಕವಸ್ತುಗಳೇ ದೇಶದ ಮೊದಲನೇ ಶತ್ರು ಎಂದು ಸಾರಿದರು. ಜೆರೋಮ್ ಜಾಫೆ ಎಂಬ ಮನೋವೈದ್ಯರ ಕೈಗೆ ಒಂದು ವಿಶೇಷ ಕಚೇರಿಯ ಹೊಣೆ ಬಂತು. ಚಿಕಿತ್ಸೆಗೂ ಸಂಶೋಧನೆಗೂ ಸರ್ಕಾರದ ಹಣ ಹರಿಯತೊಡಗಿತು.

ಆಗ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಏವ್ರಮ್ ಗೋಲ್ಡ್‌ಸ್ಟೈನ್ ಬೀಗ ಹುಡುಕುವ ದಾರಿಯೊಂದನ್ನು ಪ್ರಕಟಿಸಿದ್ದರು. ಉಪಾಯ ಚೆನ್ನಾಗಿತ್ತು: ಔಷಧಕ್ಕೆ ವಿಕಿರಣಶೀಲ ಗುರುತು ಹಾಕಿ, ಅರೆದ ಮಿದುಳಿನ ಜೊತೆ ಬೆರೆಸಿ, ಎಷ್ಟು ಅಂಟಿಕೊಳ್ಳುತ್ತೆ ಎಂದು ಎಣಿಸುವುದು. ಎಡ ಚಪ್ಪಲಿ ಎದುರು ಬಂದಾಗ ಜಾಗ ಬಿಟ್ಟುಕೊಟ್ಟು ಬಲ ಚಪ್ಪಲಿಗೆ ಬಿಟ್ಟುಕೊಡದೆ ಇದ್ದರೆ, ಅದು ನಿಜವಾದ ಬೀಗ. ತೊಂದರೆ ಏನಂದರೆ ಔಷಧ ಸಿಕ್ಕಸಿಕ್ಕಲ್ಲೆಲ್ಲ ಅಂಟುತ್ತಿತ್ತು. ಅಂಟಿದ್ದರಲ್ಲಿ ಆ ಬಗೆಯ ನಿಖರ ಅಂಟು ನೂರಕ್ಕೆ ಎರಡರಷ್ಟು ಮಾತ್ರ. ಸಂತೆಯ ಗದ್ದಲದಲ್ಲಿ ಒಬ್ಬರ ಪಿಸುಮಾತು ಕೇಳಿಸಿಕೊಂಡ ಹಾಗೆ.

ಕ್ಯಾಂಡೇಸ್ ಪರ್ಟ್ ಎಂಬ ವಿದ್ಯಾರ್ಥಿನಿ

ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಸಾಲಮನ್ ಸ್ನೈಡರ್ ಎಂಬ ಯುವ ಪ್ರಾಧ್ಯಾಪಕರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದವರು ಕ್ಯಾಂಡೇಸ್ ಪರ್ಟ್. 1946ರಲ್ಲಿ ಹುಟ್ಟಿದವರು, ಅಂದರೆ ಆಗ ಇಪ್ಪತ್ತೈದು ಇಪ್ಪತ್ತಾರು ವಯಸ್ಸು. ಕೈಯಲ್ಲಿ ಚಿಕ್ಕ ಮಗು ಬೇರೆ. ಪಿಎಚ್‌ಡಿ ಸೇರುವ ಮುಂಚೆ ಕುದುರೆಯಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಮಾರ್ಫೀನ್ ಜಾತಿಯ ನೋವುನಿವಾರಕದ ಆ ತೇಲುವ ಸುಖವನ್ನು ಸ್ವತಃ ಅನುಭವಿಸಿದ್ದರು. ತನ್ನ ದೇಹದಲ್ಲಿ ಇದಕ್ಕೊಂದು ಜಾಗ ಇರಲೇಬೇಕು ಎಂಬ ಕುತೂಹಲ ಅಲ್ಲಿಂದಲೇ ಶುರುವಾಯಿತು ಎಂದು ಮುಂದೆ ಹೇಳಿಕೊಂಡಿದ್ದಾರೆ.

ಹಾಪ್ಕಿನ್ಸ್‌ನಲ್ಲೇ ಪೇದ್ರೋ ಕ್ವಾತ್ರೆಕಾಸಸ್ ಎಂಬುವವರು ಇನ್ಸುಲಿನ್ನಿನ ಬೀಗ ಹುಡುಕಲು ಒಂದು ಕೈಚಳಕ ಬಳಸುತ್ತಿದ್ದರು: ಮಿಶ್ರಣವನ್ನು ಸೋಸುವ ಹಾಳೆಯ ಮೇಲೆ ಸುರಿದು, ತಣ್ಣಗಿನ ದ್ರಾವಣದಿಂದ ಸರಸರ ತೊಳೆದುಬಿಡುವುದು. ಸಡಿಲವಾಗಿ ಅಂಟಿದ್ದು ಕೊಚ್ಚಿಹೋಗುತ್ತೆ, ಬೀಗದೊಳಗೆ ಕೂತದ್ದು ಉಳಿಯುತ್ತೆ. ಕಾಫಿ ಡಿಕಾಕ್ಷನ್ ಸೋಸಿದ ಹಾಗೆಯೇ, ಆದರೆ ಸೆಕೆಂಡುಗಳ ಲೆಕ್ಕದಲ್ಲಿ. ಪರ್ಟ್ ಇದನ್ನು ಅಫೀಮಿನ ಬೀಗಕ್ಕೆ ಹಚ್ಚಿದರು. ತಿಂಗಳುಗಟ್ಟಲೆ ಏನೂ ಬರಲಿಲ್ಲ. ಅವರ ಆತ್ಮಕಥನದ ಪ್ರಕಾರ, ಸ್ನೈಡರ್ ಈ ಕೆಲಸ ಬಿಟ್ಟು ಬೇರೆ ವಿಷಯ ಹಿಡಿ ಎಂದೂ ಹೇಳಿದ್ದರು.

ಪರ್ಟ್ ಬಿಡಲಿಲ್ಲ. ಅವರು ಮಾಡಿದ ಬದಲಾವಣೆ ಒಂದೇ. ಅಲ್ಲಿಯವರೆಗೆ ಮಾರ್ಫೀನಿನ ಜಾತಿಯ, ಬೀಗ ತೆರೆಯುವ ವಸ್ತುವಿಗೆ ಗುರುತು ಹಾಕುತ್ತಿದ್ದರು. ಈಗ ನಲಾಕ್ಸೋನಿಗೆ, ಅಂದರೆ ಬೀಗದಲ್ಲಿ ಸಿಕ್ಕಿಕೊಂಡು ಕೂರುವ ಕೈಗೆ, ವಿಕಿರಣಶೀಲ ಗುರುತು ಹಾಕಿಸಿದರು. 1972ರ ಕೊನೆಯ ತಿಂಗಳುಗಳಲ್ಲಿ ಎಣಿಕೆ ಯಂತ್ರ ಹೊರಹಾಕಿದ ಅಂಕಿಗಳು ಬೇರೆಯೇ ಕತೆ ಹೇಳಿದವು. ಲೆವಾರ್ಫನಾಲ್ ಹಾಕಿದ ಟ್ಯೂಬಿನಲ್ಲಿ ನಲಾಕ್ಸೋನ್ ಜಾಗ ಖಾಲಿ ಮಾಡಿತ್ತು, ಡೆಕ್ಸ್‌ಟ್ರಾರ್ಫನ್ ಹಾಕಿದ್ದರಲ್ಲಿ ಅಲ್ಲಾಡಿರಲಿಲ್ಲ. ಪಿಸುಮಾತು ಈಗ ಸ್ಪಷ್ಟ ಮಾತಾಗಿತ್ತು.

1973ರ ಮಾರ್ಚ್ 9ರ 'ಸೈನ್ಸ್' ಪತ್ರಿಕೆಯಲ್ಲಿ ಪರ್ಟ್ ಮತ್ತು ಸ್ನೈಡರ್ ಅವರ ಲೇಖನ ಬಂತು. ಅದೇ ವರ್ಷ ನ್ಯೂಯಾರ್ಕಿನ ಎರಿಕ್ ಸೈಮನ್, ಸ್ವೀಡನ್ನಿನ ಉಪ್ಸಾಲಾದ ಲಾರ್ಸ್ ಟೆರೇನಿಯಸ್ ಸ್ವತಂತ್ರವಾಗಿ ಅದನ್ನೇ ಕಂಡರು. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ. ನೋವು ಕೊಲ್ಲುವ ಶಕ್ತಿ ಹೆಚ್ಚಿದ್ದ ಔಷಧ ಬೀಗಕ್ಕೂ ಗಟ್ಟಿಯಾಗಿ ಅಂಟುತ್ತಿತ್ತು. ಮಿದುಳಲ್ಲಿ ಮಾತ್ರವಲ್ಲ, ಗಿನಿ ಹಂದಿಯ ಕರುಳಿನಲ್ಲೂ ಬೀಗ ಸಿಕ್ಕಿತು. ಭೇದಿಗೆ ಅಫೀಮು ಕೊಡುವ ಹಳೆಯ ನಾಟಿ ವೈದ್ಯಕ್ಕೆ ಕಾರಣ ಅಲ್ಲಿತ್ತು. ಮುಂದೆ ಮಿದುಳಿನ ನಕ್ಷೆ ಮಾಡಿದಾಗ ನೋವಿನ ದಾರಿಗಳಲ್ಲಿ, ಭಾವನೆಗೆ ಸಂಬಂಧಿಸಿದ ಭಾಗಗಳಲ್ಲಿ, ಉಸಿರಾಟ ನಡೆಸುವ ಬುಡದ ಭಾಗದಲ್ಲಿ ಬೀಗಗಳು ಕಂಡವು. ನೋವು ಹೋಗುವುದು, ಸುಖವಾಗುವುದು, ಹೆಚ್ಚಾದರೆ ಉಸಿರು ನಿಲ್ಲುವುದು: ಮೂರಕ್ಕೂ ವಿಳಾಸ ಸಿಕ್ಕಂತಾಯಿತು.

ಗಿಡಕ್ಕಾಗಿ ಮಾಡಿಸಿದ ಬೀಗ ಅಲ್ಲ ಇದು

ಆದರೆ ಒಂದು ಪ್ರಶ್ನೆ ಎದ್ದಿತು. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ತೀರಾ ಹಳೆಯ ವಂಶದ ಹ್ಯಾಗ್‌ಫಿಶ್ ಎಂಬ ಮೀನಿನ ಮಿದುಳಲ್ಲೂ ಈ ಬೀಗ ಇತ್ತು. ಸಮುದ್ರದ ತಳದ ಮೀನಿಗೆ ಗಸಗಸೆ ಗಿಡದ ಗೊಡವೆ ಏನು? ಅಂದಮೇಲೆ ಬೀಗ ಗಿಡಕ್ಕಾಗಿ ಇರೋದಲ್ಲ. ದೇಹವೇ ಮಾಡಿಕೊಳ್ಳುವ ಅಸಲಿ ಕೈ ಒಂದಿರಬೇಕು. ಗಿಡದ್ದು ಬರೀ ಡುಪ್ಲಿಕೇಟ್ ಕೀ.

ಆ ಅಸಲಿ ಕೈಯನ್ನು ಹುಡುಕಿದ್ದು ಸ್ಕಾಟ್‌ಲೆಂಡಿನ ಅಬರ್ಡೀನ್‌ನಲ್ಲಿ. ಹಾನ್ಸ್ ಕೋಸ್ಟರ್‌ಲಿಟ್ಸ್ 1934ರಲ್ಲಿ ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು ಅಲ್ಲಿಗೆ ಬಂದವರು. ಎಪ್ಪತ್ತು ತುಂಬಿ ನಿವೃತ್ತರಾಗುವ ಹೊತ್ತಿಗೆ ಹೊಸ ಸಂಶೋಧನಾ ಘಟಕ ಶುರು ಮಾಡಿದರು. ಅವರ ಕಿರಿಯ ಸಹೋದ್ಯೋಗಿ ಜಾನ್ ಹ್ಯೂಸ್ ಬೆಳಗಿನ ಜಾವ ಸೈಕಲ್ ತುಳಿದು ಕಸಾಯಿಖಾನೆಗೆ ಹೋಗಿ ಹಂದಿಯ ಮಿದುಳು ತರುತ್ತಿದ್ದರು. ಅದನ್ನು ಅರೆದು, ಸೋಸಿ, ಆ ರಸ ಮಾರ್ಫೀನಿನಂತೆ ವರ್ತಿಸುತ್ತದೆಯೇ ಎಂದು ಪ್ರಾಣಿಗಳ ಸ್ನಾಯುವಿನ ತುಂಡಿನ ಮೇಲೆ ಹನಿಸಿ ನೋಡುತ್ತಿದ್ದರು. 1975ರ ಡಿಸೆಂಬರಿನಲ್ಲಿ ಫಲಿತಾಂಶ ಪ್ರಕಟವಾಯಿತು. ಐದೈದು ಅಮೈನೋ ಆಮ್ಲಗಳ ಎರಡು ಪುಟ್ಟ ಸರಗಳು, ಕೊನೆಯ ಮಣಿ ಮಾತ್ರ ಬೇರೆ. ಹೆಸರು ಎನ್‌ಕೆಫಲಿನ್. ಮರುವರ್ಷವೇ ಕ್ಯಾಲಿಫೋರ್ನಿಯಾದ ಚೋ ಹಾವ್ ಲೀ ಒಂಟೆಗಳ ಪಿಟ್ಯುಟರಿ ಗ್ರಂಥಿಯಿಂದ ಇನ್ನೂ ಉದ್ದದ ಒಂದು ಸರವನ್ನು ಬಿಡಿಸಿ ತೋರಿಸಿದರು. ಇಂಥವುಗಳಿಗೆಲ್ಲ ಎರಿಕ್ ಸೈಮನ್ ಇಟ್ಟ ಹೆಸರು ಎಂಡಾರ್ಫಿನ್, ಅಂದರೆ ಒಳಗಿನ ಮಾರ್ಫೀನ್. ಇವತ್ತು ಜಿಮ್ ಟ್ರೇನರ್ ಬಾಯಲ್ಲಿ ಕೇಳುವ ಪದದ ಹುಟ್ಟು ಅಲ್ಲಿ.

ಇಲ್ಲೊಂದು ಕಹಿ ಘಟನೆಯನ್ನೂ ಹೇಳಬೇಕು. 1978ರ ಲಾಸ್ಕರ್ ಪ್ರಶಸ್ತಿ ಸ್ನೈಡರ್, ಹ್ಯೂಸ್, ಕೋಸ್ಟರ್‌ಲಿಟ್ಸ್ ಮೂವರಿಗೆ ಬಂತು. ಮೊದಲ ಲೇಖನದ ಮೊದಲ ಹೆಸರು ಪರ್ಟ್ ಅವರದು, ಅವರನ್ನು ಬಿಟ್ಟಿದ್ದರು. ಪರ್ಟ್ ಸುಮ್ಮನಿರದೆ ಪ್ರಶಸ್ತಿ ಸಂಸ್ಥೆಯ ಮೇರಿ ಲಾಸ್ಕರ್ ಅವರಿಗೆ ಪತ್ರ ಬರೆದರು, ವಿಷಯ ದೊಡ್ಡ ವಿವಾದವಾಯಿತು. ವಿಷಯ ಆರಿಸಿದ್ದು, ಲ್ಯಾಬು, ಹಣ ಪ್ರಾಧ್ಯಾಪಕರದು; ರಾತ್ರಿ ಕೂತು ಪ್ರಯೋಗ ದಡ ಮುಟ್ಟಿಸಿದ್ದು ವಿದ್ಯಾರ್ಥಿ. ಶ್ರೇಯ ಯಾರಿಗೆ? ರಿಲೀಸ್ ಮೇಲ್‌ನಲ್ಲಿ ತಮ್ಮ ಹೆಸರು ಇಲ್ಲದ್ದನ್ನು ನೋಡಿದ ಯಾರಿಗೂ ಈ ಪ್ರಶ್ನೆ ಬಿಡಿಸಿ ಹೇಳಬೇಕಿಲ್ಲ. ಪರ್ಟ್ 2013ರಲ್ಲಿ ತೀರಿಕೊಂಡರು. ಅಫೀಮಿನ ಬೀಗಕ್ಕೆ ನೊಬೆಲ್ ಯಾರಿಗೂ ಬರಲಿಲ್ಲ.

ಬೀಗ ಸಿಕ್ಕಿತು, ಚಟ ಬಿಡಲಿಲ್ಲ

ಆಗಿನ ಆಸೆ ದೊಡ್ಡದು. ಬೀಗ ಗೊತ್ತಾಯಿತು, ದೇಹದ ಸ್ವಂತ ಕೈ ಗೊತ್ತಾಯಿತು. ಅದೇ ಕೈಯನ್ನು ಕಾರ್ಖಾನೆಯಲ್ಲಿ ಮಾಡಿದರೆ ನೋವು ಹೋಗುತ್ತೆ, ಚಟ ಹಿಡಿಸಲ್ಲ, ಅಲ್ವಾ? ದೇಹದ್ದೇ ವಸ್ತು ತಾನೇ!

ಆಸೆ ಒಂದೇ ವರ್ಷದಲ್ಲಿ ಕುಸಿಯಿತು. 1976ರಲ್ಲಿ ಎಡ್ಡಿ ವೇ ಮತ್ತು ಹೊರೇಸ್ ಲೋ ಇಲಿಗಳ ಮಿದುಳಿಗೆ ಈ 'ಸ್ವಂತ' ಸರಗಳನ್ನೇ ಸತತವಾಗಿ ಹರಿಸಿದರು. ನಿಲ್ಲಿಸಿದಾಗ ಇಲಿಗಳು ಮಾರ್ಫೀನ್ ಬಿಟ್ಟ ಇಲಿಗಳಂತೆಯೇ ಸಂಕಟಪಟ್ಟವು. ಅದಕ್ಕೂ ಒಂದು ವರ್ಷ ಮುಂಚೆ ಶೈಲ್ ಶರ್ಮಾ, ವರ್ನರ್ ಕ್ಲೀ, ಮಾರ್ಷಲ್ ನೈರೆನ್‌ಬರ್ಗ್ ಮೂವರು ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಕಾರಣವನ್ನು ತೋರಿಸಿದ್ದರು. ಮಾರ್ಫೀನ್ ಕೋಶದೊಳಗಿನ ಒಂದು ಕಿಣ್ವವನ್ನು ಅದುಮುತ್ತೆ. ದಿನಗಟ್ಟಲೆ ಅದುಮಿದರೆ ಕೋಶ ಸುಮ್ಮನಿರಲ್ಲ, ಸರಿದೂಗಿಸಲು ಆ ಕಿಣ್ವದ ಕೆಲಸವನ್ನು ಏರಿಸಿಕೊಳ್ಳುತ್ತೆ. ಆದ್ದರಿಂದ ಮೊದಲಿನ ಪರಿಣಾಮಕ್ಕೆ ಹೆಚ್ಚು ಹೆಚ್ಚು ಔಷಧ ಬೇಕಾಗುತ್ತೆ. ಔಷಧ ತಟ್ಟನೆ ತೆಗೆದರೆ ಅದುಮುವ ಕೈ ಇಲ್ಲ, ಏರಿದ ಕೆಲಸ ಮಾತ್ರ ಉಳಿದಿದೆ. ಕೋಶ ಹುಚ್ಚೆದ್ದು ಓಡುತ್ತೆ. ಬೆವರು, ನಡುಕ, ಭೇದಿ, ನಿದ್ದೆಯಿಲ್ಲದಿರುವುದು: ಬಿಟ್ಟವರು ಪಡುವ ಪಾಡಿನ ಬೇರು ಇಂಥ ಕಡೆ ಇದೆ. ಸೋಮಾರಿತನಕ್ಕೂ ಇದಕ್ಕೂ ಸಂಬಂಧವಿಲ್ಲ.

ಕೊನೆಯ ಪೆಟ್ಟು 1996ರಲ್ಲಿ ಬಿತ್ತು. ಅಷ್ಟರಲ್ಲಿ ಬೀಗದಲ್ಲಿ ಮ್ಯೂ, ಡೆಲ್ಟಾ, ಕಪ್ಪಾ ಎಂದು ಮೂರು ಮುಖ್ಯ ಬಗೆ ಇವೆ ಎಂದು ಗೊತ್ತಾಗಿತ್ತು. ಫ್ರಾನ್ಸಿನ ಬ್ರಿಜಿಟ್ ಕೀಫರ್ ತಂಡ ಮ್ಯೂ ಬೀಗದ ಜೀನ್ ಇಲ್ಲದ ಇಲಿಗಳನ್ನು ತಯಾರಿಸಿತು. ಅವುಗಳ ಮೇಲೆ ಮಾರ್ಫೀನ್ ನೋವನ್ನೂ ಕಳೆಯಲಿಲ್ಲ, ಸುಖವನ್ನೂ ಕೊಡಲಿಲ್ಲ, ಬಿಟ್ಟಾಗ ಸಂಕಟವೂ ಆಗಲಿಲ್ಲ. ಅಂದರೆ ಮಾರ್ಫೀನಿನ ವರ ಮತ್ತು ಶಾಪ ಎರಡಕ್ಕೂ ಬಾಗಿಲು ಒಂದೇ, ಬೀಗ ಒಂದೇ.

ಅದೇ 1996ರಲ್ಲಿ ಅಮೆರಿಕದ ಪರ್ಡ್ಯೂ ಕಂಪನಿ ಆಕ್ಸಿಕಾಂಟಿನ್ ಎಂಬ ಮಾತ್ರೆ ಮಾರತೊಡಗಿತು. ಔಷಧ ನಿಧಾನವಾಗಿ ಬಿಡುಗಡೆಯಾಗುವುದರಿಂದ ದುರ್ಬಳಕೆ ಕಡಿಮೆಯಾಗುತ್ತದೆ ಎಂದು ನಂಬಲಾಗಿದೆ ಎಂಬರ್ಥದ ಸಾಲು ಅದರ ಲೇಬಲ್ಲಿನಲ್ಲಿತ್ತು. 1898ರ ಕೆಮ್ಮಿನ ಔಷಧ ನೆನಪಾಯಿತಾ? 2007ರಲ್ಲಿ ಆ ಕಂಪನಿ ಜನರನ್ನು ದಾರಿ ತಪ್ಪಿಸಿದ್ದಕ್ಕೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು. ಮಾತ್ರೆಯಿಂದ ಹೆರಾಯಿನ್, ಹೆರಾಯಿನ್‌ನಿಂದ ಕಳ್ಳಮಾರ್ಗದ ಫೆಂಟನಿಲ್. 2021ರಲ್ಲಿ ಅಮೆರಿಕದಲ್ಲಿ ಮಾದಕವಸ್ತು ಹೆಚ್ಚಾಗಿ ಸತ್ತವರು ಒಂದು ಲಕ್ಷಕ್ಕೂ ಮೇಲೆ, ಅದರಲ್ಲಿ ಸುಮಾರು 80,000 ಸಾವು ಇದೇ ಬೀಗ ತೆರೆಯುವ ವಸ್ತುಗಳಿಂದ.

ವಿಯೆಟ್ನಾಂನಿಂದ ಮನೆಗೆ

ಈಗ ಉತ್ತರದ ಇನ್ನರ್ಧಕ್ಕೆ ಬರೋಣ. ಅದಕ್ಕಾಗಿ ಮತ್ತೆ 1971ಕ್ಕೆ, ಆ ಹೆದರಿದ ಸರ್ಕಾರದ ಬಳಿಗೆ ಹೋಗಬೇಕು.

ವಿಯೆಟ್ನಾಂನಿಂದ ಹೊರಡುವ ಸೈನಿಕರಿಗೆಲ್ಲ ಮೂತ್ರ ಪರೀಕ್ಷೆ ಕಡ್ಡಾಯವಾಯಿತು. ಪಾಸಾದರೆ ವಿಮಾನ, ಇಲ್ಲದಿದ್ದರೆ ಅಲ್ಲೇ ಬಿಡಿಸುವ ಚಿಕಿತ್ಸೆ. ಹಾಗೆ ಮರಳಿದವರ ಕತೆ ಏನಾಯಿತು ಎಂದು ತಿಳಿಯಲು ಜಾಫೆ ಅವರ ಕಚೇರಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲೀ ರಾಬಿನ್ಸ್ ಅವರಿಗೆ ಕೆಲಸ ಒಪ್ಪಿಸಿತು. ಅವರು 1971ರ ಸೆಪ್ಟೆಂಬರಿನಲ್ಲಿ ಮರಳಿದ ನೂರಾರು ಸೈನಿಕರನ್ನು ಮನೆ ಮನೆಗೆ ಹುಡುಕಿಸಿ, ಮಾತನಾಡಿಸಿ, ಮೂತ್ರ ಪರೀಕ್ಷೆಯನ್ನೂ ಮಾಡಿಸಿದರು.

ವಿಯೆಟ್ನಾಂನಲ್ಲಿ ಇದ್ದಾಗ ಪ್ರತಿ ಐದು ಜನರಲ್ಲಿ ಒಬ್ಬ ಚಟಕ್ಕೆ ಬಿದ್ದಿದ್ದ. ಸಂಸದರು ಹೆದರಿದ್ದಕ್ಕಿಂತ ಹೆಚ್ಚು! ಆದರೆ ಮನೆಗೆ ಮರಳಿದ ಮೊದಲ ವರ್ಷದಲ್ಲಿ ಅವರ ಪೈಕಿ ಮತ್ತೆ ಚಟಕ್ಕೆ ಬಿದ್ದವರು ನೂರಕ್ಕೆ ಐದು ಮಂದಿ. ಮೂರು ವರ್ಷ ಲೆಕ್ಕ ಹಾಕಿದರೂ ಹನ್ನೆರಡು. ಚಟ ಇದ್ದವರಲ್ಲಿ ಅರ್ಧದಷ್ಟು ಜನ ಊರಲ್ಲಿ ಮತ್ತೆ ಒಂದೆರಡು ಸಲ ತೆಗೆದುಕೊಂಡಿದ್ದರೂ ಹೆಚ್ಚಿನವರು ಸಿಕ್ಕಿಬೀಳಲಿಲ್ಲ. ಆ ಕಾಲದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಹೆರಾಯಿನ್ ಬಿಟ್ಟು ಹೊರಬಂದವರಲ್ಲಿ ಬಹುಪಾಲು ಬೇಗನೆ ಹಳೆಯ ದಾರಿಗೇ ಮರಳುತ್ತಿದ್ದರು. ಹಾಗಾಗಿ ಈ ಅಂಕಿಗಳನ್ನು ಅನೇಕರು ನಂಬಲೇ ಇಲ್ಲ. ರಾಬಿನ್ಸ್ ಎಲ್ಲೋ ಎಡವಿದ್ದಾರೆ ಎಂದರು. ಅಂಕಿಗಳು ಗಟ್ಟಿಯಾಗಿ ನಿಂತವು.

ಸೈನಿಕನ ಬೀಗವೂ ಅದೇ, ನ್ಯೂಯಾರ್ಕ್ ಬೀದಿಯವನ ಬೀಗವೂ ಅದೇ. ವ್ಯತ್ಯಾಸ ಎಲ್ಲಿ? ಸೈನಿಕನಿಗೆ ಹೆರಾಯಿನ್ ಎಂದರೆ ಆ ಕಾಡು, ಆ ಬೇಸರ, ಆ ಭಯ, ಆ ಗೆಳೆಯರು, ಕೈಗೆಟುಕುವ ಆ ಬೆಲೆ. ವಿಮಾನ ಹತ್ತಿದಾಗ ಅದೆಲ್ಲ ಹಿಂದೆ ಉಳಿಯಿತು. ಬೀದಿಯವನು ಆಸ್ಪತ್ರೆಯಿಂದ ಬರುವುದು ಅದೇ ಬೀದಿಗೆ, ಅದೇ ಮೆಟ್ಟಿಲಿಗೆ, ಅದೇ ಗೆಳೆಯರ ಬಳಿಗೆ. ಜಾಗ ಒಂದೇ ಕಾರಣ ಎಂದಲ್ಲ, ಆದರೆ ಜಾಗ ಲೆಕ್ಕಕ್ಕಿಲ್ಲ ಎನ್ನುವಂತೆಯೂ ಇಲ್ಲ.

ಈ ಎರಡು ಅರ್ಧಗಳನ್ನು ಹೊಲಿದು ತೋರಿಸಿದ ಪ್ರಯೋಗ 1982ರದು, ಕೆನಡಾದ ಶೆಪರ್ಡ್ ಸೀಗಲ್ ಅವರದು. ಇಲಿಗಳಿಗೆ ಒಂದೇ ಕೋಣೆಯಲ್ಲಿ ದಿನ ಬಿಟ್ಟು ದಿನ ಹೆರಾಯಿನ್ ಕೊಟ್ಟು, ಪ್ರಮಾಣ ಏರಿಸುತ್ತ ಒಗ್ಗಿಸಿದರು. ಆಮೇಲೆ ಎಲ್ಲಕ್ಕೂ ದೊಡ್ಡ ಪ್ರಮಾಣ. ಹೆರಾಯಿನ್ ಕಂಡೇ ಇರದ ಇಲಿಗಳಲ್ಲಿ ನೂರಕ್ಕೆ 96 ಸತ್ತವು. ಒಗ್ಗಿದ ಇಲಿಗಳಿಗೆ ಅದೇ ಹಳೆಯ ಕೋಣೆಯಲ್ಲಿ ಕೊಟ್ಟಾಗ ಸತ್ತದ್ದು 32. ಅಷ್ಟೇ ಒಗ್ಗಿದ ಇಲಿಗಳಿಗೆ ಬೇರೆ ಕೋಣೆಯಲ್ಲಿ ಕೊಟ್ಟಾಗ 64. ಔಷಧ ಅದೇ, ಪ್ರಮಾಣ ಅದೇ, ಬೀಗ ಅದೇ. ಕೋಣೆ ಬದಲಾದದ್ದಕ್ಕೆ ಸಾವು ಇಮ್ಮಡಿ. ಮಿದುಳು ಕೋಣೆಯ ವಾಸನೆ, ಬೆಳಕು, ಸದ್ದುಗಳನ್ನೂ ಔಷಧದ ಜೊತೆಗೇ ಕಲಿತಿರುತ್ತೆ. ಹಳೆಯ ಕೋಣೆ ಕಂಡ ಕೂಡಲೇ 'ಬರ್ತಿದೆ' ಎಂದು ಎದುರಿಸಲು ಮೊದಲೇ ಸಜ್ಜಾಗುತ್ತೆ. ಹೊಸ ಕೋಣೆಯಲ್ಲಿ ಆ ಸಿದ್ಧತೆ ಇಲ್ಲ, ಅದಕ್ಕೇ ಸಾವು. ಇನ್ನು ಹಳೆಯ ಕೋಣೆಗೆ ಹೋದರೂ ಔಷಧ ಬಾರದಿದ್ದರೆ? ಆ ಸಜ್ಜು ಹಾಗೇ ಉಳಿದು ಚಡಪಡಿಕೆಯಾಗುತ್ತೆ. ಬಿಟ್ಟವನು ಹಳೆಯ ಮೆಟ್ಟಿಲು ಹತ್ತಿದಾಗ ಮೈ ಬೆವರುವುದಕ್ಕೆ ಇದೂ ಒಂದು ಕಾರಣ.

ನಮ್ಮ ಫ್ಲಾಟಿನ ಬಾಲ್ಕನಿ

ನನಗೆ ಇದು ಯಾಕೆ ಮುಖ್ಯ ಅಂತ ಹೇಳ್ತೀನಿ ಅಂದಿದ್ದೆ. ಪುಣೆಯಲ್ಲಿ ನಾವು ನಾಲ್ಕು ಜನ ಕನ್ನಡದ ಹುಡುಗರು ಒಂದು ಫ್ಲಾಟಿನಲ್ಲಿದ್ದೆವು. ಒಬ್ಬ ಕುಡಿತಕ್ಕೆ ಬಿದ್ದ. ಅಕ್ಕ ಬಂದು ಚಿಕಿತ್ಸೆಗೆ ಸೇರಿಸಿದಳು, ಒಂದು ತಿಂಗಳು ಇದ್ದು ಚೆನ್ನಾಗಿಯೇ ಮರಳಿದ. ನಾವು ಪ್ರೀತಿಯಿಂದ ಅವನ ರೂಮನ್ನು ಇದ್ದ ಹಾಗೇ ಇಟ್ಟಿದ್ದೆವು. ಅದೇ ಬಾಲ್ಕನಿ, ಅದೇ ಪ್ಲಾಸ್ಟಿಕ್ ಕುರ್ಚಿ, ಅದೇ ಶುಕ್ರವಾರದ ರಾತ್ರಿ. ನಮ್ಮ ಕೈಯಲ್ಲಿ ಬಾಟಲಿ, ಅವನಿಗೆ ಮಾತ್ರ ನಿಂಬೆ ಶರಬತ್ತು. ಎರಡು ವಾರ ತಡೆದ. ಮತ್ತೆ ಬಿದ್ದಾಗ ನಾವು ಆಡಿದ ಮಾತು ಒಂದೇ: "ಮನಸ್ಸು ಗಟ್ಟಿ ಇಲ್ಲ ಮಗಾ ಅವನಿಗೆ."

ಹೆಂಡದ ರಸಾಯನ ಅಫೀಮಿನದ್ದಲ್ಲ, ಒಪ್ಪಿದೆ. ಆದರೂ ನಲಾಕ್ಸೋನಿನ ಹತ್ತಿರದ ನೆಂಟ ನಾಲ್ಟ್ರೆಕ್ಸೋನ್ ಎಂಬ ಮಾತ್ರೆಯನ್ನು ಕುಡಿತ ಬಿಡಿಸಲು ವೈದ್ಯರು ಬಳಸ್ತಾರೆ. ಕುಡಿದಾಗ ಸಿಗುವ ಸುಖದ ಒಂದು ಪಾಲು ದೇಹದ ಸ್ವಂತ ಎಂಡಾರ್ಫಿನ್ ಮೂಲಕವೇ ಬರುತ್ತೆ, ಅದೇ ಬೀಗದ ಮೂಲಕ. ಈ ಇತಿಹಾಸ ಓದಿದ ಮೇಲೆ ನನಗೆ ಅನಿಸಿದ್ದು, ಅವನ ಮನಸ್ಸಿನ ಗಟ್ಟಿತನವನ್ನು ಅಳೆಯುತ್ತ ಕೂತಿದ್ದ ನಾವು ಅವನಿಗೆ ಹಳೆಯ ಕೋಣೆಯನ್ನೇ ಸಜ್ಜು ಮಾಡಿ ಕೊಟ್ಟಿದ್ದೆವು. ಆಮೇಲೆ ಅವನು ಊರು ಬದಲಿಸಿದ, ಅಕ್ಕನ ಮನೆ ಹತ್ತಿರ ಉಳಿದ, ವೈದ್ಯರು ಕೊಟ್ಟ ಮಾತ್ರೆ ತಪ್ಪಿಸಲಿಲ್ಲ. ನಾಲ್ಕು ವರ್ಷವಾಯಿತು, ಕುಡಿದಿಲ್ಲ. ಯಾವುದು ಎಷ್ಟು ಕೆಲಸ ಮಾಡಿತು ಅಂತ ನಾನು ಹೇಳಲಾರೆ. ಎರಡೂ ಬೇಕಾದವು ಅಂತ ಮಾತ್ರ ಹೇಳಬಲ್ಲೆ: ಬೀಗಕ್ಕೆ ಔಷಧ, ಬದುಕಿಗೆ ಬೇರೆ ಬಾಲ್ಕನಿ.

ಪರ್ಟ್ ಹಿಡಿದ ಬೀಗ ಚಟವನ್ನು ಜಗತ್ತಿನಿಂದ ಓಡಿಸಲಿಲ್ಲ. ಆದರೆ ಅವರು ಗುರುತು ಹಾಕಿದ ಆ ನಲಾಕ್ಸೋನ್ ಇವತ್ತು ಮೂಗಿಗೆ ಹಾಕುವ ಸ್ಪ್ರೇ ಆಗಿದೆ. 2023ರಲ್ಲಿ ಅಮೆರಿಕ ಅದನ್ನು ಚೀಟಿಯಿಲ್ಲದೆ ಅಂಗಡಿಯಲ್ಲಿ ಮಾರಲು ಒಪ್ಪಿತು. ಅದನ್ನು ಸೃಷ್ಟಿಸಿದ ಜ್ಯಾಕ್ ಫಿಶ್‌ಮನ್ ಅವರ ಮಲಮಗನೇ 2003ರಲ್ಲಿ ಹೆರಾಯಿನ್ ಹೆಚ್ಚಾಗಿ ತೀರಿಕೊಂಡಿದ್ದ. ಔಷಧ ಜಗತ್ತಿನಲ್ಲಿ ಇದ್ದರೆ ಸಾಲದು, ಆ ಹೊತ್ತಿಗೆ ಪಕ್ಕದಲ್ಲಿ ಅದನ್ನು ಹಿಡಿದ ಒಬ್ಬ ಮನುಷ್ಯ ಇರಬೇಕು.

ನಮ್ಮ ದೇಶದಲ್ಲೂ ಇದು ಸಣ್ಣ ವಿಷಯವಲ್ಲ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಅಫೀಮು ಜಾತಿಯ ವಸ್ತುಗಳನ್ನು ಬಳಸುವವರು ಸುಮಾರು 2.26 ಕೋಟಿ. ಊರು ಬಿಟ್ಟು, ಭಾಷೆ ಬಿಟ್ಟು, ಬಾಡಿಗೆ ಫ್ಲಾಟುಗಳಲ್ಲಿ ಇರುವ ನಮ್ಮಂಥವರ ನಡುವೆ ಯಾರಾದರೂ ಯಾವುದಾದರೂ ಚಟದ ಜೊತೆ ಒಬ್ಬರೇ ಗುದ್ದಾಡುತ್ತಿರಬಹುದು. ಬಿಡಿಸಿಕೊಳ್ಳಲು ನೆರವು ಬೇಕಾದರೆ 14446, ಮನಸ್ಸಿಗೆ ಆಸರೆ ಬೇಕಾದರೆ ಟೆಲಿ ಮಾನಸ್ 14416. ಎರಡಕ್ಕೂ ದುಡ್ಡಿಲ್ಲ, ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ನಂಬರ್ ಸೇವ್ ಮಾಡಿಟ್ಟುಕೊಳ್ಳಿ. ಯಾರಾದರೂ ಚಿಕಿತ್ಸೆಯಿಂದ ಮರಳಿ ನಿಮ್ಮ ಫ್ಲಾಟಿಗೆ ಬರುತ್ತಿದ್ದರೆ, ಮೊದಲು ಬಾಲ್ಕನಿಯ ಆ ಕುರ್ಚಿ ತೆಗೆದುಬಿಡಿ.